ಮಳೆ, ಸಿಡಿಲು, ಟೈಲ್ಸ್ ನೆಲ: ಕರಾವಳಿಯ ಮನೆಯಲ್ಲಿ ಹೋಂ ಥಿಯೇಟರ್ ಕೂರಿಸುವ ಬಗೆ

ಅಂಗಡಿಗೆ ಹೋಗುವ ಮೊದಲು, ಥಿಯೇಟರ್ ಮಾಡಬೇಕೆಂದಿರುವ ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಅಲ್ಲಿಗೇ ನಿಂತರೆ ನಿಮ್ಮ ಅದೃಷ್ಟ. ಮಂಗಳೂರು, ಉಡುಪಿಯ ಹೆಚ್ಚಿನ ಹಾಲ್‌ಗಳಲ್ಲಿ ಅದು ‘ಟಿರ್‌ರ್’ ಎನ್ನುತ್ತ ಗೋಡೆಯಿಂದ ಗೋಡೆಗೆ ಓಡಾಡುತ್ತದೆ. ಕೆಳಗೆ ವಿಟ್ರಿಫೈಡ್ ಟೈಲ್ಸ್, ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಸುತ್ತ ಪುಟ್ಟಿ ಹಾಕಿ ನುಣುಪು ಮಾಡಿದ ಗೋಡೆ, ಸೆಕೆಗೆ ಹೆದರಿ ಇಟ್ಟ ದೊಡ್ಡ ದೊಡ್ಡ ಕಿಟಕಿ. ಸದ್ದನ್ನು ಹೀರಿಕೊಳ್ಳುವ ವಸ್ತು ಒಂದೂ ಇಲ್ಲ. ಇಂಥಲ್ಲಿ ಎರಡು ಲಕ್ಷದ ಸ್ಪೀಕರ್ ತಂದಿಟ್ಟರೂ ಮಾತು ಬಿಡಿಸಿ ಕೇಳುವುದಿಲ್ಲ. ಇದರ ಮೇಲೆ ವರ್ಷಕ್ಕೆ 3500 ಮಿಲಿಮೀಟರ್ ದಾಟುವ ಮಳೆ, ಮಳೆಗಾಲದ ಹಿಂದೆ ಮುಂದೆ ಬರುವ ಸಿಡಿಲು, ಕಡಲ ಉಪ್ಪುಗಾಳಿ.

ಹಾಗಾಗಿ ನಮ್ಮಲ್ಲಿ ಖರ್ಚಿನ ಕ್ರಮವೇ ಬೇರೆ ಇರಬೇಕು. ಮೊದಲು ಕರೆಂಟು ಮತ್ತು ಅರ್ಥಿಂಗ್, ಆಮೇಲೆ ಕೋಣೆ, ಅದಾದ ಮೇಲೆ ಸ್ಪೀಕರ್, ಕೊನೆಗೆ ಪರದೆ. ಹೆಚ್ಚಿನವರು ಇದನ್ನು ಸರಿಯಾಗಿ ತಲೆಕೆಳಗು ಮಾಡುತ್ತಾರೆ: ದೀಪಾವಳಿ ಆಫರಿನಲ್ಲಿ ದೊಡ್ಡ ಟಿವಿ ಮನೆಗೆ ಬರುತ್ತದೆ, ಉಳಿದ ದುಡ್ಡಿಗೆ ಸಿಕ್ಕಿದ ಸೌಂಡ್‌ಬಾರ್ ಅದರ ಅಡಿಗೆ ಸೇರುತ್ತದೆ, ಮೇ ತಿಂಗಳಲ್ಲಿ ಒಂದು ಸಂಜೆ ಎರಡೂ ಒಟ್ಟಿಗೆ ಸುಟ್ಟುಹೋಗುತ್ತವೆ.

ಯಾವ ಕೋಣೆ, ಯಾವ ಗೋಡೆ

ಮುಂಗಾರು ನೈರುತ್ಯದಿಂದ ಬರುವುದರಿಂದ ಮನೆಯ ಪಶ್ಚಿಮ ಮತ್ತು ದಕ್ಷಿಣದ ಹೊರಗೋಡೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು ಹೊಡೆಯುತ್ತಲೇ ಇರುತ್ತದೆ. ನಮ್ಮ ಗೋಡೆಗಳ ಕೆಂಪುಕಲ್ಲು (ಲ್ಯಾಟರೈಟ್) ನೀರು ಕುಡಿಯುವ ಕಲ್ಲು. ಗಾರೆ, ಪೇಂಟು ಎಷ್ಟೇ ಒಳ್ಳೆಯದಿದ್ದರೂ ಆ ಗೋಡೆ ಒಳಬದಿಗೆ ತಂಪು ಬಿಡುತ್ತದೆ. ಟಿವಿ, ರಿಸೀವರ್ (ಸ್ಪೀಕರ್‌ಗಳನ್ನೆಲ್ಲ ನಡೆಸುವ ಆಂಪ್ಲಿಫಯರ್ ಪೆಟ್ಟಿಗೆ), ಸ್ವಿಚ್‌ಬೋರ್ಡು ಯಾವುದೂ ಆ ಗೋಡೆಯಲ್ಲಿ ಬೇಡ. ಒಳಗೋಡೆ ಸಿಕ್ಕಿದರೆ ಒಳ್ಳೆಯದು, ಪೂರ್ವದ ಗೋಡೆಯಾದರೂ ಆದೀತು. ಬೇರೆ ದಾರಿಯೇ ಇಲ್ಲದಿದ್ದರೆ ಗೋಡೆಯಿಂದ ಎರಡು ಇಂಚು ಬಿಟ್ಟು 18 ಮಿ.ಮೀ. ಮರೈನ್ ಪ್ಲೈವುಡ್ ಚೌಕಟ್ಟು ನಿಲ್ಲಿಸಿ ಅದಕ್ಕೆ ಟಿವಿ ತೂಗುಹಾಕಿ. ಹಿಂದೆ ಗಾಳಿ ಆಡಬೇಕು.

ಕೆಂಪುಕಲ್ಲಿನ ಗೋಡೆಗೆ ಟಿವಿ ಸ್ಟ್ಯಾಂಡಿನ ಜೊತೆ ಬರುವ ಪುಟ್ಟ ಪ್ಲಗ್ ಸಾಲದು. ಕಲ್ಲು ಮೆದು, ಒಳಗೆಲ್ಲ ತೂತು. ಹ್ಯಾಮರ್ ಮೋಡ್‌ನಲ್ಲಿ ಡ್ರಿಲ್ ಓಡಿಸಿದರೆ ತೂತು ಅಗಲವಾಗಿ ಪುಡಿ ಉದುರುತ್ತದೆ, ಪ್ಲಗ್ ತಿರುಗುತ್ತಲೇ ಇರುತ್ತದೆ. ಹ್ಯಾಮರ್ ಆಫ್ ಮಾಡಿ, 10 ಮಿ.ಮೀ. ಬಿಟ್‌ನಲ್ಲಿ ನಿಧಾನ ಕೊರೆದು, 80ರಿಂದ 100 ಮಿ.ಮೀ. ಉದ್ದದ ನೈಲಾನ್ ಪ್ಲಗ್ ಅಥವಾ ಕೆಮಿಕಲ್ ಆಂಕರ್ ಹಾಕಿಸಿ. ಕಲ್ಲು ಮತ್ತು ಕಲ್ಲಿನ ನಡುವಿನ ಗಾರೆಯ ಗೆರೆಯಲ್ಲಿ ಕೊರೆಯಬಾರದು. 65 ಇಂಚಿನ ಟಿವಿ 20 ಕಿಲೋಗಿಂತ ಹೆಚ್ಚೇ ತೂಗುತ್ತದೆ. ಮುಂದಕ್ಕೆ ಎಳೆದು ತಿರುಗಿಸುವ ತೋಳಿನ ಬ್ರ್ಯಾಕೆಟ್ ಹಾಕಿದರೆ ಮೇಲಿನ ಸ್ಕ್ರೂಗಳ ಮೇಲೆ ಎಳೆತ ಇನ್ನೂ ಜಾಸ್ತಿ. ಕೆಂಪುಕಲ್ಲಿಗೆ ಅದನ್ನು ನೇರ ಹಾಕುವ ಬದಲು ನಡುವೆ ಪ್ಲೈವುಡ್ ಹಲಗೆ ಕೊಡಿ.

ಸರಿ ಚೌಕದ ಕೋಣೆ, ಅಂದರೆ 12ಕ್ಕೆ 12 ಅಡಿಯಂಥದ್ದು, ಬಾಸ್‌ಗೆ, ಅಂದರೆ ತಗ್ಗಿನ ಸ್ವರಗಳಿಗೆ, ಕೆಟ್ಟದ್ದು. ಎದುರುಬದುರು ಗೋಡೆಗಳ ನಡುವೆ ಸದ್ದಿನ ಅಲೆ ನಿಂತುಬಿಡುವ ಮೊದಲ ಸ್ಥಾನ 12 ಅಡಿಗೆ ಸುಮಾರು 48 ಹರ್ಟ್ಸ್. ಚೌಕದಲ್ಲಿ ಉದ್ದಕ್ಕೂ ಅಗಲಕ್ಕೂ ಅದೇ ಸಂಖ್ಯೆ ಬರುವುದರಿಂದ ಒಂದೇ ಸ್ವರ ಗುಂಯ್ ಎಂದು ಊದಿಕೊಳ್ಳುತ್ತದೆ. 15ಕ್ಕೆ 11ರಂಥ ಕೋಣೆ ಇದ್ದರೆ ಅದನ್ನೇ ಆರಿಸಿ.

ಸೋರದಂತೆ ಟೆರೇಸಿನ ಮೇಲೆ ಶೀಟು ಹಾಕಿದ ಮನೆಗಳಲ್ಲಿ ಅದರಡಿಯ ಖಾಲಿ ಜಾಗ ಕಂಡು ಎಲ್ಲರಿಗೂ ಥಿಯೇಟರ್ ಆಸೆ ಹುಟ್ಟುತ್ತದೆ. ಬೇಡ ಮಾರಾಯ್ರೆ. ಆಟಿಯ, ಅಂದರೆ ಜುಲೈ–ಆಗಸ್ಟ್‌ನ, ಮಳೆ ಆ ಶೀಟಿನ ಮೇಲೆ ಸುರಿಯುವಾಗ ಪಕ್ಕದಲ್ಲಿ ಕೂತವರು ಹೇಳಿದ್ದೇ ಕೇಳುವುದಿಲ್ಲ. ಏಪ್ರಿಲ್‌ನಲ್ಲಿ ಆ ಸೆಕೆಗೆ ಯಂತ್ರವೂ ಬದುಕುವುದಿಲ್ಲ.

ಕರೆಂಟು, ಅರ್ಥಿಂಗ್, ಸಿಡಿಲು

ಇಲ್ಲಿ ಉಪಕರಣ ಸಾಯುವುದು ಮುಖ್ಯವಾಗಿ ಮೂರು ದಾರಿಯಲ್ಲಿ: ಸಿಡಿಲಿನಿಂದ ಲೈನಿನಲ್ಲಿ ಬರುವ ಏಟು, ನ್ಯೂಟ್ರಲ್ ತುಂಡಾಗಿ ಏರುವ ವೋಲ್ಟೇಜು, ತೇವ. ಮೂರಕ್ಕೂ ಮದ್ದು ಬೇರೆ ಬೇರೆ. ಒಂದು ಸ್ಟೆಬಿಲೈಸರ್ ತಂದಿಟ್ಟರೆ ಎಲ್ಲ ಮುಗಿಯಿತು ಎಂದುಕೊಳ್ಳುವುದೇ ತಪ್ಪು.

ಗಾಳಿಮಳೆಗೆ ಮರ ಬಿದ್ದು ನ್ಯೂಟ್ರಲ್ ತಂತಿ ಕಡಿದರೆ, 230 ವೋಲ್ಟ್ ಇರಬೇಕಾದಲ್ಲಿ 300, 350, ಕೆಲವೊಮ್ಮೆ 400ರ ಹತ್ತಿರದವರೆಗೂ ಬರಬಹುದು. ಈಗಿನ ಟಿವಿಯ ಪವರ್ ಸಪ್ಲೈ 100ರಿಂದ 240 ವೋಲ್ಟ್‌ವರೆಗೆ ತಾನೇ ಹೊಂದಿಕೊಳ್ಳುತ್ತದೆ, ಹಾಗಾಗಿ ಲೋ ವೋಲ್ಟೇಜಿಗೆ ಟಿವಿಗೆ ಸ್ಟೆಬಿಲೈಸರ್ ಬೇಕಾಗಿಯೇ ಇಲ್ಲ. ಅದಕ್ಕೆ ಬೇಕಾದದ್ದು ವೋಲ್ಟೇಜು ಮಿತಿ ಮೀರಿದಾಗ ಕಡಿದುಹಾಕುವ ಕಟಾಫ್ ರಿಲೇ. ಮೇನ್ ಬೋರ್ಡಿನಲ್ಲಿ ಕೂರುವ ಮಾದರಿ ಸಿಗುತ್ತದೆ. ಮೇಲಿನ ಮಿತಿ 270, ಕೆಳಗಿನದು 170, ಕರೆಂಟು ಬಂದ ಮೇಲೆ ಮತ್ತೆ ಕೂಡಿಸಲು ಒಂದೆರಡು ನಿಮಿಷ ತಡ ಎಂದು ಸೆಟ್ ಮಾಡಿಸಿ. ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಎವಿ ರಿಸೀವರ್ ಮಾತ್ರ ಲೋ ವೋಲ್ಟೇಜಿನಲ್ಲಿ ಶಕ್ತಿ ಕಳೆದುಕೊಂಡು ಜೋರು ದೃಶ್ಯದಲ್ಲಿ ಆಫ್ ಆಗುತ್ತದೆ. ಸಂಜೆ ಹೊತ್ತು 190ಕ್ಕೆ ಇಳಿಯುವ ಊರುಗಳಲ್ಲಿ ಅದೊಂದಕ್ಕೆ ಸ್ಟೆಬಿಲೈಸರ್ ಇರಲಿ.

ಸಿಡಿಲಿಗೆ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಮೇನ್ ಬೋರ್ಡಿನಲ್ಲೇ ಇರಬೇಕು. ಅದಕ್ಕೆ ಹೋಗುವ ವಯರೂ ಅದರಿಂದ ಅರ್ಥ್ ಬಾರ್‌ಗೆ ಹೋಗುವ ವಯರೂ ಸೇರಿ ಅರ್ಧ ಮೀಟರ್ ಮೀರಬಾರದು, ಉದ್ದವಾದಷ್ಟು ಅದರ ಕೆಲಸ ಕೆಡುತ್ತದೆ. ಟಿವಿ ಹತ್ತಿರದ ಸರ್ಜ್ ಪಟ್ಟಿ ಎರಡನೆಯ ಕಾವಲು ಮಾತ್ರ. ಇವೆರಡೂ ಬಂದ ಏಟನ್ನು ನೆಲಕ್ಕೆ ಕಳಿಸುವ ಸಾಧನಗಳು. ಅರ್ಥಿಂಗ್ ಸರಿ ಇಲ್ಲದಿದ್ದರೆ ಕಳಿಸುವುದು ಎಲ್ಲಿಗೆ? ಮಣಿಪಾಲ, ಕಾರ್ಕಳ, ಪುತ್ತೂರಿನ ಕಡೆಯ ಕೆಂಪುಕಲ್ಲಿನ ಗುಡ್ಡದ ಮನೆಗಳಲ್ಲಿ ಇದು ದೊಡ್ಡ ತೊಂದರೆ. ಆ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಸಿಡಿಲು ಶುರುವಾಗುವ ಏಪ್ರಿಲ್‌ ಹೊತ್ತಿಗೆ ಅರ್ಥ್ ಗುಂಡಿ ಸಂಪೂರ್ಣ ಒಣಗಿರುತ್ತದೆ. ಮಾರ್ಚಿನಿಂದ ವಾರಕ್ಕೆರಡು ಕೊಡ ನೀರು ಗುಂಡಿಗೆ ಹೊಯ್ಯಿರಿ. ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್ ಹತ್ತಿರ ಅಳತೆ ಮಾಡಿಸಿ: ಲೋಡ್ ಇರುವಾಗ ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2–3 ವೋಲ್ಟ್‌ಗಿಂತ ಹೆಚ್ಚು ಕಂಡರೆ ಹುಡುಕಬೇಕಾದ ದೋಷವಿದೆ. ಫೇಸ್ ಮತ್ತು ಅರ್ಥ್ ನಡುವೆ ಮೀಟರ್ 230 ತೋರಿಸಿತೆಂದು ನಂಬಬೇಡಿ. ಕಳಪೆ ಅರ್ಥಿಂಗಿನಲ್ಲೂ ಡಿಜಿಟಲ್ ಮೀಟರ್ ಅಷ್ಟೇ ತೋರಿಸುತ್ತದೆ. ಅರ್ಥ್ ಟೆಸ್ಟರ್ ಇರುವವರನ್ನೇ ಕರೆಸಿ.

ಇಷ್ಟೆಲ್ಲ ಮಾಡಿದರೂ ಹತ್ತಿರದ ತೆಂಗಿನ ಮರಕ್ಕೆ ಸಿಡಿಲು ಹೊಡೆದರೆ ಯಾವ ಸಾಧನವೂ ತಡೆಯದು. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕೀಳುವ ಹಳೆಯ ಅಭ್ಯಾಸ ಬಿಡಬೇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ಜೊತೆಗೆ ಡಿಶ್ ಅಥವಾ ಕೇಬಲ್ ಟಿವಿಯ ತಂತಿಯನ್ನೂ ಬಿಚ್ಚಿ. ಪ್ಲಗ್ ಕಿತ್ತ ಮೇಲೂ ಟಿವಿಯ ಎಚ್‌ಡಿಎಂಐ ಪೋರ್ಟ್ ಸುಡುವುದು ಈ ದಾರಿಯಿಂದ: ಟೆರೇಸಿನ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸ್, ಅಲ್ಲಿಂದ ಟಿವಿ, ಅಲ್ಲಿಂದ ರಿಸೀವರ್. ಫೈಬರ್ ಇಂಟರ್‌ನೆಟ್ಟಿನ ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಆದರೆ ಅದರ ಮೋಡೆಮ್‌ನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದಲ್ಲ. ಮೋಡೆಮ್‌ನಿಂದ ಟಿವಿಗೆ ನೆಟ್‌ವರ್ಕ್ ತಂತಿ ಎಳೆದಿದ್ದರೆ ಅದನ್ನೂ ಕೀಳಿ.

ಇನ್ವರ್ಟರ್ ಬಗ್ಗೆ ಇಷ್ಟು: ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ರಿಸೀವರಿನ ಟ್ರಾನ್ಸ್‌ಫಾರ್ಮರ್ ಝೇಂಕರಿಸುತ್ತದೆ, ಬಿಸಿಯೂ ಆಗುತ್ತದೆ. ಸೈನ್ ವೇವ್ ಇದ್ದರೆ ಮಾತ್ರ ಅದನ್ನು ಇನ್ವರ್ಟರ್ ಲೈನಿಗೆ ಕೊಡಿ. 900 ವಿಎ ಇನ್ವರ್ಟರಿಗೆ ಟಿವಿ ಮತ್ತು ಸೌಂಡ್‌ಬಾರ್ ಸಾಕು. ರಿಸೀವರ್, ಸಬ್‌ವೂಫರ್ (ಬಾಸಿಗೆಂದೇ ಇರುವ ಸ್ಪೀಕರ್) ಎಲ್ಲ ಸೇರಿಸಿದರೆ ಬ್ಯಾಟರಿ ಬೇಗ ಮಲಗುತ್ತದೆ.

ಗಲ್ಫಿನಿಂದ ತಂದ, ತರಿಸುವ ಸಾಮಾನು ನಮ್ಮ ಊರುಗಳಲ್ಲಿ ಇಲ್ಲದ ಮನೆ ಕಡಿಮೆ. ಹಿಂಬದಿಯ ಲೇಬಲ್ ಓದಿ. ‘220–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಸರಿ. ಬರೀ 60 ಹರ್ಟ್ಸ್ ಎಂದಿದ್ದರೆ, ಸೌದಿಯಲ್ಲಿ ಕರೆಂಟು 60 ಹರ್ಟ್ಸ್‌ನದು ನೋಡಿ, ಅಂಥ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ. ಮೂರು ಚೌಕ ಕಡ್ಡಿಯ ಪ್ಲಗ್ಗಿಗೆ ರಸ್ತೆಬದಿಯ ಅಡಾಪ್ಟರ್ ಹಾಕುವ ಬದಲು ಪ್ಲಗ್ ಕತ್ತರಿಸಿ ಇಲ್ಲಿನದ್ದನ್ನೇ ಹಾಕಿಸಿ. ಅಗ್ಗದ ಅಡಾಪ್ಟರಿನಲ್ಲಿ ಅರ್ಥ್ ಸೇರುವುದೇ ಇಲ್ಲ. ವಿಮಾನದಲ್ಲಿ ಬ್ಯಾಗೇಜಾಗಿ ತರುವ ಫ್ಲಾಟ್ ಟಿವಿಗೆ ಇದ್ದ ಸುಂಕ ವಿನಾಯಿತಿಯನ್ನು 2013ರ ಆಗಸ್ಟ್‌ನಲ್ಲೇ ತೆಗೆದರು. ತರುವ ಮೊದಲು ಈಗಿನ ದರ ನೋಡಿ, ಇಲ್ಲಿ ಅದಕ್ಕೆ ವಾರಂಟಿ ಉಂಟೋ ಎಂದೂ ಕೇಳಿ; ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಉಳಿತಾಯವೇನೂ ಇರುವುದಿಲ್ಲ.

ಕೋಣೆಯ ಪ್ರತಿಧ್ವನಿ ಇಳಿಸುವುದು

ಮೊಟ್ಟೆ ಟ್ರೇ ಅಂಟಿಸುವುದರಿಂದ ಏನೂ ಪ್ರಯೋಜನವಿಲ್ಲ. ಚಾಪೆ ತೆಳು, ಅದೂ ಹಾಗೆಯೇ. ಮುಂದಿನ ಸ್ಪೀಕರ್‌ಗಳಿಗೂ ನೀವು ಕೂರುವ ಸೋಫಾಕ್ಕೂ ನಡುವಿನ ನೆಲದಲ್ಲಿ ಕನಿಷ್ಠ 5ಕ್ಕೆ 7 ಅಡಿಯ ದಪ್ಪ ಕಾರ್ಪೆಟ್ ಅಥವಾ ಎರಡು ಪದರ ಮಡಿಸಿದ ಜಮಖಾನ ಹಾಸಿ. ಕಿಟಕಿಗೆ ದಪ್ಪ ಹತ್ತಿಯ ಪರದೆ, ಕಿಟಕಿಯ ಅಗಲದ ಎರಡರಷ್ಟು ಬಟ್ಟೆ ತೆಗೆದುಕೊಂಡು ನೆರಿಗೆ ಬರುವಂತೆ ಹೊಲಿಸಿ. ಚರ್ಮದ ಸೋಫಾಕ್ಕಿಂತ ಬಟ್ಟೆಯದ್ದು ಮೇಲು.

ಪಕ್ಕದ ಗೋಡೆಗಳಲ್ಲಿ ಒಂದೊಂದು ಜಾಗ ಮುಖ್ಯ. ನೀವು ನಿಮ್ಮ ಸೀಟಿನಲ್ಲಿ ಕೂರಿ, ಮತ್ತೊಬ್ಬರು ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿದು ನಿಧಾನ ಸರಿಸಲಿ. ಎಲ್ಲಿ ಕನ್ನಡಿಯಲ್ಲಿ ಮುಂದಿನ ಸ್ಪೀಕರ್ ಕಾಣುತ್ತದೋ ಅಲ್ಲಿಂದ ಸದ್ದು ಬಡಿದು ನಿಮ್ಮ ಕಿವಿಗೆ ಬರುತ್ತದೆ. ಅಲ್ಲಿಗೆ 2ಕ್ಕೆ 4 ಅಡಿಯ, 50 ಮಿ.ಮೀ. ದಪ್ಪದ, ಘನ ಮೀಟರಿಗೆ 48 ಕಿಲೋ ಸಾಂದ್ರತೆಯ ರಾಕ್‌ವೂಲ್ ಹಲಗೆಯನ್ನು ಮರದ ಚೌಕಟ್ಟಿನಲ್ಲಿ ಕೂರಿಸಿ, ಗಾಳಿ ಆಡುವ ಬಟ್ಟೆ ಸುತ್ತಿ ತೂಗುಹಾಕಿ. ಗೋಡೆಗೆ ಅಂಟಿಸದೆ ಒಂದೆರಡು ಇಂಚು ಬಿಡಿ. ಸದ್ದು ಹೀರುವುದಕ್ಕೂ ಅದು ಒಳ್ಳೆಯದು, ಹಿಂಬದಿಗೆ ಬೂಸು ಹಿಡಿಯದಿರುವುದಕ್ಕೂ ಒಳ್ಳೆಯದು. ಪುಸ್ತಕ ತುಂಬಿದ ಕಪಾಟು ಇದ್ದರೆ ಹಿಂದಿನ ಗೋಡೆಗೆ ಇಡಿ. ಮತ್ತೆ ಚಪ್ಪಾಳೆ ತಟ್ಟಿ ನೋಡಿ. ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಆದರೆ ಬಾಸಿನ ಗುಂಯ್‌ಗುಡುವಿಕೆ ಬಟ್ಟೆ, ಕಾರ್ಪೆಟ್ಟಿಗೆ ಬಗ್ಗುವುದಲ್ಲ. ಅದು ಸಬ್‌ವೂಫರಿನ ಜಾಗದಿಂದ ತೀರಬೇಕಾದದ್ದು.

ಪರದೆ

ಸೋಫಾದಿಂದ ಗೋಡೆಗೆ ಇಂಚಿನಲ್ಲಿ ಅಳೆದು 1.6ರಿಂದ ಭಾಗಿಸಿ. 8 ಅಡಿ, ಅಂದರೆ 96 ಇಂಚು ದೂರಕ್ಕೆ 60 ಬರುತ್ತದೆ. 55 ಅಥವಾ 65 ಎರಡೂ ಸರಿ. 10 ಅಡಿಗೆ 75. ಸಿನಿಮಾದ ಗುಂಗಿನಲ್ಲಿ ಮುಳುಗಬೇಕೆಂಬವರು 1.2ರಿಂದ ಭಾಗಿಸಲಿ, ದಿನವಿಡೀ ಸುದ್ದಿ, ಧಾರಾವಾಹಿ ಓಡುವ ಮನೆಗೆ ಅದು ಕಣ್ಣಿಗೆ ಹೆಚ್ಚು. ಎತ್ತರದ ತಪ್ಪು ಇನ್ನೂ ಸಾಮಾನ್ಯ. ಶೋಕೇಸಿನ ಮೇಲೆ ಐದಡಿ ಎತ್ತರಕ್ಕೆ ಹಾಕಿಸಿದರೆ ಕುತ್ತಿಗೆ ನೋವು ಖಂಡಿತ. 65 ಇಂಚಿನ ಪರದೆಯ ಎತ್ತರ 81 ಸೆಂ.ಮೀ.; ಕೆಳ ಅಂಚು ನೆಲದಿಂದ 65–70 ಸೆಂ.ಮೀ. ಇದ್ದರೆ ನಡುಭಾಗ ಕೂತವರ ಕಣ್ಣಿಗೆ ನೇರ ಬರುತ್ತದೆ.

ಓಎಲ್‌ಇಡಿಯ ಕಪ್ಪು ಬೇರೆಯದರಲ್ಲಿ ಇಲ್ಲ. ಆದರೆ ಮೂರು ಕಡೆ ಕಿಟಕಿ ಇರುವ ಹಗಲಿನ ಹಾಲ್‌ಗೆ ಅದನ್ನು ತಂದು ದಿನಕ್ಕೆ ಎಂಟು ಗಂಟೆ ಸುದ್ದಿ ಚಾನೆಲ್ ಹಾಕಿದರೆ ಮೂಲೆಯ ಲೋಗೋ, ಕೆಳಗಿನ ಪಟ್ಟಿ ವರ್ಷಗಳಲ್ಲಿ ಅಚ್ಚು ಬೀಳುತ್ತದೆ. ಅಂಥ ಮನೆಗೆ ಲೋಕಲ್ ಡಿಮ್ಮಿಂಗ್ (ಕತ್ತಲ ಭಾಗದ ಹಿಂಬೆಳಕನ್ನಷ್ಟೇ ತಗ್ಗಿಸುವ ವ್ಯವಸ್ಥೆ) ಇರುವ ಎಲ್‌ಇಡಿ ಟಿವಿಯೇ ಜಾಣತನ. ಎಲ್‌ಇಡಿಯಲ್ಲಿ ಪ್ಯಾನೆಲ್ ಯಾವುದೆಂದು ಕೇಳಿ: ವಿಎ ಪ್ಯಾನೆಲ್‌ನಲ್ಲಿ ಕಾಂಟ್ರಾಸ್ಟ್ ಐಪಿಎಸ್‌ಗಿಂತ ಮೂರು ಪಟ್ಟು ಅಥವಾ ಅದಕ್ಕೂ ಹೆಚ್ಚು, ಬದಿಯಿಂದ ನೋಡಿದರೆ ಮಾತ್ರ ಬಣ್ಣ ಸ್ವಲ್ಪ ಮಾಸುತ್ತದೆ. ಮನೆಗೆ ಬಂದ ದಿನವೇ ನಾಲ್ಕು ಕೆಲಸ: ಪಿಕ್ಚರ್ ಮೋಡ್ ‘ಫಿಲ್ಮ್‌ಮೇಕರ್’ ಅಥವಾ ‘ಸಿನಿಮಾ’, ಮೋಷನ್ ಸ್ಮೂತಿಂಗ್ ಆಫ್, ಶಾರ್ಪ್‌ನೆಸ್ ಸೊನ್ನೆಯ ಹತ್ತಿರ, ಇಕೋ ಮೋಡ್ ಆಫ್. ಮೊದಲ ಎರಡು ದಿನ ಚಿತ್ರ ಹಳದಿಯೆನಿಸುತ್ತದೆ. ಅಂಗಡಿಯ ನೀಲಿ ಬೆಳಕಿಗೆ ಒಗ್ಗಿದ ಕಣ್ಣು ಅದು, ತಡೆಯಿರಿ.

ಪ್ರೊಜೆಕ್ಟರ್ ಕೊಳ್ಳುವವರು ಡಬ್ಬದ ಮೇಲಿನ ಲ್ಯೂಮೆನ್ ಸಂಖ್ಯೆ ಯಾವ ಲೆಕ್ಕದ್ದೆಂದು ನೋಡಲೇಬೇಕು. ಆನ್ಸಿ ಅಥವಾ ಐಎಸ್ಒ ಲ್ಯೂಮೆನ್ ಎಂದಿರಬೇಕು. ಬರೀ ‘9000 ಲ್ಯೂಮೆನ್’ ಎಂದಿರುವ ಹತ್ತು ಸಾವಿರ ರೂಪಾಯಿಯ ಪೆಟ್ಟಿಗೆಯಲ್ಲಿ ನಿಜವಾಗಿ ಕೆಲವು ನೂರು ಇದ್ದರೆ ಹೆಚ್ಚು. 100 ಇಂಚಿನ ಪರದೆ 2.21 ಮೀಟರ್ ಅಗಲ, 1.25 ಮೀಟರ್ ಎತ್ತರ. ಪೂರ್ಣ ಕತ್ತಲಲ್ಲಿ ಅದಕ್ಕೆ 500 ನಿಜವಾದ ಲ್ಯೂಮೆನ್ ಸಿನಿಮಾ ಮಂದಿರದ ಮಟ್ಟದ ಬೆಳಕು ಕೊಡುತ್ತದೆ. ಒಂದು ದೀಪ ಉರಿಯುತ್ತಿದ್ದರೆ 1500 ಬೇಕು. ಥ್ರೋ ರೇಶ್ಯೋ (ದೂರವನ್ನು ಪರದೆಯ ಅಗಲದಿಂದ ಭಾಗಿಸಿದ ಸಂಖ್ಯೆ) 1.5 ಇದ್ದರೆ ಲೆನ್ಸ್ ಪರದೆಯಿಂದ 3.3 ಮೀಟರ್ ದೂರ ನಿಲ್ಲಬೇಕು, ಕೋಣೆ ಅಷ್ಟು ಉದ್ದ ಇದೆಯೋ ಅಳೆಯಿರಿ. ಕೀಸ್ಟೋನ್ ಬಳಸಿ ಸೊಟ್ಟ ಚಿತ್ರ ನೇರ ಮಾಡುವ ಬದಲು ಯಂತ್ರವನ್ನೇ ನೇರ ಇಡಿ, ಕೀಸ್ಟೋನ್ ಚಿತ್ರದ ಸೂಕ್ಷ್ಮ ತಿನ್ನುತ್ತದೆ. ಲ್ಯಾಂಪ್ ಇರುವ ಪ್ರೊಜೆಕ್ಟರ್ ಆಫ್ ಆದ ಮೇಲೂ ಫ್ಯಾನ್ ತಿರುಗಿ ತಣಿಯಬೇಕು. ಥಟ್ಟನೆ ಕರೆಂಟು ಹೋಗುವ ನಮ್ಮಲ್ಲಿ ಅದಕ್ಕೊಂದು ಸಣ್ಣ ಯುಪಿಎಸ್ ಇಲ್ಲದಿದ್ದರೆ ಲ್ಯಾಂಪ್ ಆಯುಸ್ಸು ಮುಗಿಯುವ ಮೊದಲೇ ಹೋಗುತ್ತದೆ. ಲೇಸರ್ ಮಾದರಿಗೆ ಈ ಚಿಂತೆ ಕಡಿಮೆ.

ಸದ್ದು: ವ್ಯಾಟ್ ಎಂಬ ಮಾಯೆ

‘ಸಾವಿರ ವ್ಯಾಟ್’ ಎಂದು ಬರೆದದ್ದನ್ನು ಓದಿ ಮರುಳಾಗಬೇಡಿ. ಶಕ್ತಿ ಎರಡು ಪಟ್ಟಾದರೆ ಸದ್ದು ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರೆನಿಸಲು ಹತ್ತು ಪಟ್ಟು ಶಕ್ತಿ ಬೇಕು. ರಿಸೀವರಿನ ಪಟ್ಟಿಯಲ್ಲಿ ‘8 ಓಮ್, 20 ಹರ್ಟ್ಸ್–20 ಕಿಲೋಹರ್ಟ್ಸ್, 2 ಚಾನೆಲ್ ಓಡುವಾಗ’ ಎಂಬ ಸಾಲಿನಲ್ಲಿರುವ ಸಂಖ್ಯೆ ಒಂದೇ ನಂಬಬೇಕಾದದ್ದು. ‘6 ಓಮ್, 1 ಚಾನೆಲ್, 10 ಶೇಕಡಾ ಡಿಸ್ಟಾರ್ಶನ್’ ಎಂಬ ಸಾಲು ಜಾಹೀರಾತಿನದ್ದು. 87 ಡೆಸಿಬೆಲ್ ಸೆನ್ಸಿಟಿವಿಟಿಯ (ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಕೊಡುವ ಸದ್ದು) ಸ್ಪೀಕರಿಗೆ 12–15 ಅಡಿಯ ಕೋಣೆಯಲ್ಲಿ ನಿಜವಾದ 50ರಿಂದ 80 ವ್ಯಾಟ್ ಧಾರಾಳ.

ಸೌಂಡ್‌ಬಾರ್ ಸಾಕೇ? ಮಂಗಳೂರಿನ ಫ್ಲ್ಯಾಟಿನ ಸಣ್ಣ ಹಾಲ್‌ಗೆ, ಬಾಡಿಗೆ ಮನೆಗೆ ಸಾಕು. ಆದರೆ ಅದು ಕೆಟ್ಟರೆ ಎಲ್ಲ ಒಟ್ಟಿಗೆ ಹೋಗುತ್ತದೆ. ರಿಸೀವರ್ ಮತ್ತು ಬಿಡಿ ಸ್ಪೀಕರ್ ಇದ್ದರೆ ಸಿಡಿಲಿಗೆ ರಿಸೀವರ್ ಹೋದರೂ ಸ್ಪೀಕರ್ ಇಪ್ಪತ್ತು ವರ್ಷ ಉಳಿಯುತ್ತದೆ. ಸ್ವಂತ ಮನೆಗೆ ನಮ್ಮ ಸಲಹೆ: ಮೊದಲ ವರ್ಷ 3.1, ಅಂದರೆ ಎಡ, ಬಲ, ಸೆಂಟರ್, ಒಂದು ಸಬ್‌ವೂಫರ್. ಹಿಂದಿನ ಎರಡು ಸ್ಪೀಕರ್ ಮುಂದಿನ ವರ್ಷ. ಅಗ್ಗದ ಐದಕ್ಕಿಂತ ಒಳ್ಳೆಯ ಮೂರು ಮೇಲು. ಸ್ಪೀಕರಿನಲ್ಲಿ ಅದುರುವ ಕೋನಿನ ಅಂಚು ಫೋಮ್‌ನದ್ದೋ ರಬ್ಬರಿನದ್ದೋ ಬೆರಳಿನಲ್ಲಿ ಮೆಲ್ಲ ಮುಟ್ಟಿ ನೋಡಿ. ಫೋಮ್ ನಮ್ಮ ತೇವಕ್ಕೆ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ, ರಬ್ಬರ್ ಬಾಳುತ್ತದೆ.

ಹೆಂಚಿನ ಮನೆಯವರಿಗೊಂದು ಎಚ್ಚರಿಕೆ. ಮೇಲಕ್ಕೆ ಸದ್ದು ಚಿಮ್ಮಿಸಿ ಸೀಲಿಂಗಿನಿಂದ ಬಡಿದು ಬರುವಂತೆ ಮಾಡುವ ಅಟ್ಮೋಸ್ (ತಲೆ ಮೇಲಿಂದಲೂ ಸದ್ದು ಕೇಳಿಸುವ ಡಾಲ್ಬಿ ವಿಧಾನ) ಸ್ಪೀಕರ್‌ಗಳಿಗೆ ಸಮತಟ್ಟಾದ ಗಟ್ಟಿ ಸೀಲಿಂಗ್ ಬೇಕು, ಅದೂ ಸುಮಾರು 2.3ರಿಂದ 4.3 ಮೀಟರ್ ಎತ್ತರದಲ್ಲಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಂದಿನಿಂದ ನಮ್ಮ ತಲೆ ಮೇಲಿರುವ ಇಳಿಜಾರಿನ ಹೆಂಚಿನ ಮಾಡಿಗೆ ಅದು ಒಗ್ಗುವುದಿಲ್ಲ. ಸದ್ದು ಎಲ್ಲೆಲ್ಲೋ ಚದುರಿಹೋಗುತ್ತದೆ. ಮರದ ಮುಚ್ಚಿಗೆ ಇದ್ದರೆ ಅದರ ತೊಲೆಗೆ ಎರಡು ಸಣ್ಣ ಸ್ಪೀಕರ್ ನೇರ ಕೆಳಮುಖವಾಗಿ ತೂಗುಹಾಕಿ, ನಿಮ್ಮ ಸೀಟಿಗಿಂತ ಒಂದು ಅಡಿ ಮುಂದೆ. ಇಲ್ಲದಿದ್ದರೆ ಅಟ್ಮೋಸ್ ಬಿಟ್ಟುಬಿಡಿ, ಏನೂ ನಷ್ಟವಿಲ್ಲ.

ಜಾಗದ ಲೆಕ್ಕ: ಮುಂದಿನ ಎರಡು ಸ್ಪೀಕರ್ ನಿಮ್ಮ ನೇರ ನೋಟದಿಂದ ಎಡಬಲಕ್ಕೆ 22ರಿಂದ 30 ಡಿಗ್ರಿ, ಟ್ವೀಟರ್ (ತಾರಸ್ವರದ ಸಣ್ಣ ಸ್ಪೀಕರ್) ಕೂತವರ ಕಿವಿಯ ಎತ್ತರಕ್ಕೆ, ಗೋಡೆಯಿಂದ ಕನಿಷ್ಠ ಒಂದು ಅಡಿ ಮುಂದೆ. ಸೆಂಟರ್ ಸ್ಪೀಕರ್ ಟಿವಿಯ ಅಡಿಯಲ್ಲಿ, ಮುಂದಿನ ಅಂಚಿಗೆ ಸರಿಸಿ, ಅಡಿಗೆ ರಬ್ಬರ್ ತುಂಡಿಟ್ಟು ಮುಖ ಸ್ವಲ್ಪ ಮೇಲಕ್ಕೆ. ಕಪಾಟಿನ ಒಳಗೆ ತಳ್ಳಿದರೆ ಮಾತು ಕೊಡದೊಳಗಿಂದ ಬಂದಂತೆ ಕೇಳುತ್ತದೆ. ಹಿಂದಿನವು ಪಕ್ಕದಿಂದ ತುಸು ಹಿಂದೆ, 110 ಡಿಗ್ರಿಯ ಹತ್ತಿರ, ಕಿವಿಗಿಂತ ಒಂದೆರಡು ಅಡಿ ಮೇಲೆ. ಸೋಫಾವನ್ನು ಹಿಂದಿನ ಗೋಡೆಗೆ ಒತ್ತಿ ಇಡಬೇಡಿ, ಅಲ್ಲಿ ಬಾಸ್ ಯಾವಾಗಲೂ ಅತಿ.

ಸಬ್‌ವೂಫರಿನ ಜಾಗ ಹುಡುಕಲು ಅದನ್ನೇ ನಿಮ್ಮ ಸೀಟಿನ ಮೇಲೆ ಇಡಿ. ಬಾಸ್ ತುಂಬಿದ ಯಾವುದಾದರೂ ಹಾಡು ಓಡಿಸಿ, ನೀವು ಗೋಡೆಯ ಬುಡದಲ್ಲಿ ಮಂಡಿಯೂರಿ ಕೋಣೆ ಸುತ್ತಿ. ಎಲ್ಲಿ ಬಾಸ್ ಊದಿಕೊಳ್ಳದೆ, ಸೊರಗದೆ, ಒಂದೊಂದು ಸ್ವರವೂ ಬಿಡಿಯಾಗಿ ಕೇಳುತ್ತದೋ ಅದೇ ಅದರ ಜಾಗ. ಮನೆಯವರು ನಗಬಹುದು, ನಗಲಿ. ಕ್ರಾಸೋವರ್, ಅಂದರೆ ಯಾವ ಸ್ವರದ ಕೆಳಗಿನದ್ದು ಸಬ್‌ವೂಫರಿಗೆ ಹೋಗಬೇಕೆಂಬ ಗಡಿ, 80 ಹರ್ಟ್ಸ್. ಫೇಸ್ ಸ್ವಿಚ್ 0 ಮತ್ತು 180 ಎರಡರಲ್ಲೂ ಕೇಳಿ, ಬಾಸ್ ಹೆಚ್ಚು ಬರುವುದನ್ನು ಇಟ್ಟುಕೊಳ್ಳಿ. ಅಡಿಗೆ ದಪ್ಪ ರಬ್ಬರ್ ಅಥವಾ ಗ್ರಾನೈಟ್ ತುಂಡು ಇರಲಿ: ನೆಲ ಒರೆಸಿದ ನೀರಿಗೆ ಎಂಡಿಎಫ್ ಪೆಟ್ಟಿಗೆ ಬುಡದಿಂದ ಉಬ್ಬುತ್ತದೆ, ಒರಲೆಗೂ ಅದೇ ದಾರಿ. ಫ್ಲ್ಯಾಟಿನವರು ರಾತ್ರಿ 10ರ ಮೇಲೆ ಸಬ್ ತಗ್ಗಿಸಿ. ಸ್ಲ್ಯಾಬಿನ ಮೂಲಕ ಅದು ನೇರ ಕೆಳಮನೆಯವರ ಮಲಗುವ ಕೋಣೆಗೆ ಇಳಿಯುತ್ತದೆ, ವಸತಿ ಪ್ರದೇಶಕ್ಕೆ ಕಾನೂನಿನ ರಾತ್ರಿಯ ಮಿತಿಯೂ 45 ಡೆಸಿಬೆಲ್.

ವಯರ್, ಕೇಬಲ್

ಸ್ಪೀಕರ್ ವಯರ್ ಶುದ್ಧ ತಾಮ್ರದ್ದಿರಲಿ. ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿದ್ದು ಅಗ್ಗ, ನಮ್ಮ ಗಾಳಿಗೆ ಬೇಗ ಹಾಳು. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗಿನ ಬೆಳ್ಳಗೆ ಕಂಡುಬಿಡುತ್ತದೆ. 10 ಮೀಟರ್‌ವರೆಗೆ 1.5 ಚದರ ಮಿ.ಮೀ., ಅದರಾಚೆಗೆ 2.5. ಮಲ್ಪೆ, ಪಣಂಬೂರು, ಉಳ್ಳಾಲದಂಥ ಕಡಲ ಬದಿಯಲ್ಲಿ ಬರಿ ತಂತಿಯ ತುದಿಗೆ ವರ್ಷದೊಳಗೆ ಹಸಿರು ಕಿಲುಬು ಹಿಡಿದು ಸದ್ದು ಕರಕರ ಎನ್ನುತ್ತದೆ. ಒಂದು ಸೆಂ.ಮೀ. ಕತ್ತರಿಸಿ ಹೊಸ ತುದಿ ಸುಲಿದು, ಚಿನ್ನದ ಲೇಪದ ಬನಾನಾ ಪ್ಲಗ್ಗಿಗೆ ಬಿಗಿ ಮಾಡಿ. ಪ್ಲಸ್ ಮೈನಸ್ ಅದಲುಬದಲಾದರೆ ಬಾಸ್ ಮಾಯ, ಮಾತು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ. ಅನುಮಾನ ಇದ್ದರೆ ವಯರನ್ನು ರಿಸೀವರಿನಿಂದ ಬಿಚ್ಚಿ, ಆ ತುದಿಗೆ 1.5 ವೋಲ್ಟ್ ಸೆಲ್ ಅರೆ ಕ್ಷಣ ತಾಗಿಸಿ. ಸೆಲ್ಲಿನ ಪ್ಲಸ್ ಪ್ಲಸ್‌ಗೇ ತಾಗಿದ್ದರೆ ಕೋನು ಹೊರಗೆ ಬರುತ್ತದೆ. ಟ್ವೀಟರಿಗೆ ಈ ಪರೀಕ್ಷೆ ಬೇಡ.

ಟಿವಿಯಿಂದ ರಿಸೀವರಿಗೆ ಇ-ಆರ್ಕ್ ಎಂದು ಬರೆದ ಎಚ್‌ಡಿಎಂಐ ಪೋರ್ಟಿನಲ್ಲೇ ಕೊಡಿ. ಟಿವಿಯ ಉಳಿದ ಪೋರ್ಟುಗಳಿಂದ ಸದ್ದು ಹಿಂದಕ್ಕೆ ಬರುವುದಿಲ್ಲ. ಸದ್ದಿಗೆ ಮಾತ್ರ ಇರುವ ಆಪ್ಟಿಕಲ್ ಆಡಿಯೋ ತಂತಿಯಲ್ಲಿ ಅಟ್ಮೋಸ್ ಹೋಗದು. ಎಚ್‌ಡಿಎಂಐ ತಂತಿ 5 ಮೀಟರ್ ಮೀರಿದರೆ 4ಕೆ ಚಿತ್ರ ಮಿಟುಕಬಹುದು, ಆಗ ಆಪ್ಟಿಕಲ್ ಎಚ್‌ಡಿಎಂಐ ಬೇಕು. ಅದಕ್ಕೆ ದಿಕ್ಕಿದೆ, ಬಾಣದ ಗುರುತು ನೋಡದೆ ಗೋಡೆಯೊಳಗೆ ಎಳೆದುಬಿಟ್ಟರೆ ಮತ್ತೆ ಎಲ್ಲ ಹೊರಗೆ. ಮನೆ ಕಟ್ಟುವಾಗಲೇ ಒಂದೂವರೆ ಇಂಚಿನ ಪೈಪು ಹಾಕಿಸಿ, ಒಳಗೊಂದು ಎಳೆತಂತಿ ಬಿಟ್ಟಿರಿ. ಮುಕ್ಕಾಲು ಇಂಚಿನ ಪೈಪಿನಲ್ಲಿ ಎಚ್‌ಡಿಎಂಐ ತಲೆ ನುಗ್ಗುವುದಿಲ್ಲ.

ಮೈಕ್ ಇಟ್ಟು ಹೊಂದಿಸುವುದು

ರಿಸೀವರಿನ ಜೊತೆ ಬರುವ ಮೈಕನ್ನು ಕಿವಿಯ ಎತ್ತರಕ್ಕೆ ಟ್ರೈಪಾಡ್ ಮೇಲೆ ಇಡಿ, ಸೋಫಾದ ಬೆನ್ನಿನ ಮೇಲಲ್ಲ. ಫ್ಯಾನ್, ಏಸಿ ಆಫ್. ಮಳೆ ಸುರಿಯುವಾಗ ಮಾಡಬೇಡಿ, ಆ ಸದ್ದನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಮುಗಿದ ಮೇಲೆ ನೋಡಿ: ಎಲ್ಲ ಸ್ಪೀಕರ್ ‘ಸ್ಮಾಲ್’, ಕ್ರಾಸೋವರ್ 80 ಇರಬೇಕು, ದೊಡ್ಡ ಸ್ಪೀಕರೆಂದು ‘ಲಾರ್ಜ್’ ಎಂದು ತೋರಿಸಿದ್ದರೆ ಬದಲಿಸಿ. ಸಬ್‌ವೂಫರಿನ ದೂರ ನಿಜಕ್ಕಿಂತ ಹೆಚ್ಚು ತೋರಿಸಿದರೆ ಹಾಗೇ ಬಿಡಿ, ಅದರೊಳಗಿನ ಸರ್ಕ್ಯೂಟಿನ ತಡವೂ ಸೇರಿದ ಲೆಕ್ಕ ಅದು. ಮಾತು ಸಣ್ಣ, ಹೊಡೆದಾಟ ಜೋರು ಎನಿಸಿದರೆ ಒಟ್ಟು ವಾಲ್ಯೂಮ್ ಮುಟ್ಟದೆ ಸೆಂಟರ್ ಒಂದನ್ನೇ 2–3 ಡೆಸಿಬೆಲ್ ಏರಿಸಿ.

ಆಮೇಲೆ ಒಂದು ಯಕ್ಷಗಾನದ ರೆಕಾರ್ಡಿಂಗ್ ಹಾಕಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನಮಗೆ ಬೇರೆ ಸಿಗದು. ಚೆಂಡೆಯ ಪೆಟ್ಟು ಪೆಟ್ಟಾಗಿ ಬಿಡಿ ಬಿಡಿ ಕೇಳಬೇಕು. ಒಂದಕ್ಕೊಂದು ಅಂಟಿ ತಗಡು ಬಡಿದಂತಾದರೆ ಕೋಣೆಯಲ್ಲಿ ಪ್ರತಿಧ್ವನಿ ಇನ್ನೂ ಇದೆ. ಮದ್ದಳೆಯ ಎಡ ಬಲ ಮುಖಗಳ ನಾದ ಬೇರೆ ಬೇರೆ ಗೊತ್ತಾಗಬೇಕು. ಬರೀ ‘ದುಮ್’ ಎಂದರೆ ಸಬ್ ಹೆಚ್ಚಾಯಿತು. ಇವೆರಡರ ನಡುವೆ ಭಾಗವತರ ಪದ್ಯದ ಸಾಹಿತ್ಯ ಅಕ್ಷರ ಬಿಡದೆ ಕಿವಿಗೆ ಬೀಳಬೇಕು. ಆನ್‌ಲೈನ್‌ನ ಯಕ್ಷಗಾನ ಆಟದ ವಿಡಿಯೋಗಳು ಸಾಮಾನ್ಯವಾಗಿ ಎರಡು ಚಾನೆಲ್‌ನವು. ‘ಸ್ಟೀರಿಯೋ’ ಅಥವಾ ‘ಡಾಲ್ಬಿ ಸರೌಂಡ್’ನಲ್ಲಿ ಕೇಳಿ. ‘ಹಾಲ್’, ‘ಸ್ಟೇಡಿಯಂ’ ಎಂಬ ಮೋಡ್‌ಗಳಲ್ಲಿ ರಂಗಸ್ಥಳ ಬಾವಿಯೊಳಗೆ ಇಳಿದಂತಾಗುತ್ತದೆ.

ಮಳೆಗಾಲದ ಆರೈಕೆ

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಡಿಶ್‌ನ ಕನೆಕ್ಟರಿಗೆ ರಬ್ಬರ್ ಟೇಪ್ ಸುತ್ತಿ ಮುಗಿದಿರಬೇಕು, ಮನೆಯೊಳಗೆ ಬರುವ ತಂತಿ ಕಿಟಕಿಯ ಹತ್ತಿರ ಒಮ್ಮೆ ಕೆಳಗೆ ಬಾಗಿ ಮೇಲೇರುವಂತಿರಬೇಕು. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಜೋರು ಮಳೆಗೆ ಡಿಶ್ ಚಿತ್ರ ಹೋಗುವುದು ಉಪಕರಣದ ದೋಷವಲ್ಲ, ಆ ತರಂಗವನ್ನು ಮಳೆಹನಿಗಳೇ ಹೀರುತ್ತವೆ. ಮಳೆ ನಿಂತ ಮೇಲೂ ಬಾರದಿದ್ದರೆ ಮಾತ್ರ ಕನೆಕ್ಟರ್ ನೋಡಿ.

ಆರ್ದ್ರತೆ ಅಳೆಯುವ ಸಣ್ಣ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಉಪಕರಣದ ಪಕ್ಕದಲ್ಲಿಡಿ. 65 ಶೇಕಡಾದ ಕೆಳಗಿದ್ದರೆ ಸುಖ, 80 ದಾಟಿ ದಿನಗಟ್ಟಲೆ ನಿಂತರೆ ಲೆನ್ಸಿನ ಮೇಲೆ ಬೂಸು, ಒಳಗೆ ಕಿಲುಬು. ಏಸಿ ಇದ್ದರೆ ದಿನಕ್ಕೊಂದು ಗಂಟೆ ‘ಡ್ರೈ’ ಮೋಡ್. ಇಲ್ಲದಿದ್ದರೆ ಸಿನಿಮಾ ನೋಡಲಿ ಬಿಡಲಿ, ದಿನಕ್ಕೆ ಅರ್ಧ ಗಂಟೆಯಾದರೂ ಎಲ್ಲವನ್ನೂ ಓಡಿಸಿ. ಯಂತ್ರದ ಸ್ವಂತ ಬಿಸಿಯೇ ಅದನ್ನು ಒಣಗಿಸುತ್ತದೆ. ಬಟ್ಟೆ ಹೊದಿಸಿ ಮೂರು ತಿಂಗಳು ಮುಚ್ಚಿಟ್ಟ ಯಂತ್ರವೇ ಮೊದಲು ಹಾಳಾಗುವುದು. ಏಸಿಯಲ್ಲಿ ತಣಿದ ಕೋಣೆಯ ಕಿಟಕಿಯನ್ನು ಥಟ್ಟನೆ ತೆರೆಯಬೇಡಿ, ಹೊರಗಿನ ಹಬೆಗಾಳಿ ತಣ್ಣಗಿನ ಲೆನ್ಸು, ಸರ್ಕ್ಯೂಟಿನ ಮೇಲೆ ಬೆವರಾಗಿ ಕೂರುತ್ತದೆ. ಪ್ರೊಜೆಕ್ಟರ್ ಪೆಟ್ಟಿಗೆಯೊಳಗಿದ್ದರೆ ಜೊತೆಗೆ 200 ಗ್ರಾಂ ಸಿಲಿಕಾ ಜೆಲ್ ಇಡಿ. ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಬರುತ್ತದೆ. ಅಡುಗೆಗೆ ಬಳಸುವ ಬಾಣಲೆ ಬೇಡ.

ಬೆಚ್ಚಗಿನ ರಿಸೀವರ್ ಹಲ್ಲಿಗೂ ಇರುವೆಗೂ ಮಳೆಗಾಲದ ಮನೆ. ಪವರ್ ಬೋರ್ಡಿನ ಎರಡು ತುದಿಗೆ ಹಲ್ಲಿ ಒಟ್ಟಿಗೆ ತಾಗಿದರೆ ಅದೂ ಸತ್ತು ಬೋರ್ಡೂ ಸುಡುತ್ತದೆ. ರಿಸೀವರ್ ಇಡುವ ಕಪಾಟಿನ ತೆರೆದ ಬದಿಗಳಿಗೆ ಸೊಳ್ಳೆ ಜಾಲರಿ ಕಟ್ಟಿ. ರಿಸೀವರಿನ ಗಾಳಿಕಿಂಡಿಗೇ ನೇರ ಜಾಲರಿ ಅಂಟಿಸಬೇಡಿ, ಧೂಳು ತುಂಬಿ ಬಿಸಿ ಕಟ್ಟುತ್ತದೆ. ಅದರ ಮೇಲೆ ನಾಲ್ಕೈದು ಇಂಚು ಖಾಲಿ ಜಾಗ ಇರಲೇಬೇಕು.

ಮಾಡು ಸೋರಿ ರಿಸೀವರ್ ಮೇಲೆ ನೀರು ಬಿದ್ದರೆ ‘ಒಮ್ಮೆ ಹಾಕಿ ನೋಡುವ’ ಎಂದು ಸ್ವಿಚ್ ಒತ್ತಬೇಡಿ. ಪ್ಲಗ್ ಕಿತ್ತು, ತಲೆಕೆಳಗಾಗಿ ಇಟ್ಟು ನೀರು ಇಳಿಸಿ, ಫ್ಯಾನ್ ಗಾಳಿಗೆ ಕನಿಷ್ಠ ಮೂರು ದಿನ ಬಿಡಿ. ಬಿಸಿಲಿಗೆ, ಹೇರ್ ಡ್ರೈಯರಿನ ಬಿಸಿಗೆ ಬೇಡ. ನಂತರವೂ ಮೆಕ್ಯಾನಿಕ್ ಒಳಗೆ ತೆರೆದು ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದ ಮೇಲೆಯೇ ಕರೆಂಟು ಕೊಡಿ. ಹೆಂಚಿನಿಂದ ಇಳಿದ ನೀರಿನಲ್ಲಿ ಪಾಚಿ, ಮಣ್ಣು ಎಲ್ಲ ಇರುತ್ತದೆ. ನೀರು ಆರಿದರೂ ಅದು ಅಲ್ಲೇ ಉಳಿಯುತ್ತದೆ.